ಇಪ್ಪತ್ನಾಲ್ಕು ಸಾವಿರ ಪಾಯಿಂಟು

“ಇಲ್ಲೊಂದು ಸಹಿ ಅಮ್ಮಾ, ಇಲ್ಲೊಂದು, ಕೊನೇ ಪುಟದಲ್ಲಿ ಇನ್ನೊಂದು. ಅಷ್ಟೇ, ಮುಗೀತು,” ಎಂದು ರಜಾ ಕ್ಲಬ್ಬಿನ ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದು ಟೈಲರಮ್ಮನ ಮುಂದೆ ಹಿಡಿದ.

“ಒಂದ್ನಿಮಿಷ.”

ಬಾಗಿಲ ಕಡೆಯಿಂದ ಮೊದಲು ಮಾತು ಬಂತು, ಆಮೇಲೆ ಏದುಸಿರು ಬಂತು, ಎಲ್ಲಕ್ಕಿಂತ ಕೊನೆಗೆ ರಬ್ಬರ್ ಸಾಹೇಬರು ಬಂದರು.

ಆರು ಮಹಡಿ ಹತ್ತಿದ್ದರು ಪಾಪ. ಲಿಫ್ಟಿಗೆ ‘ರಿಪೇರಿಯಲ್ಲಿದೆ’ ಎಂದು ಅಂಟಿಸಿದ್ದ ಚೀಟಿ ಹಳದಿಗೆ ತಿರುಗಿ ಯಾವ ಕಾಲವಾಗಿತ್ತೋ. ಅರವತ್ತೆರಡು ವರ್ಷದ ಮಂಡಿಗಳು ಮೂರನೇ ಮಹಡಿಯಲ್ಲೇ ಮುಷ್ಕರ ಹೂಡಿದ್ದವು. ನಾಲ್ಕನೆಯದರಲ್ಲಿ ಸಾಹೇಬರು ಮೆಟ್ಟಿಲ ಮೇಲೆ ಕೂತು, ಈ ಕಸುಬು ಇನ್ನು ಸಾಕಪ್ಪಾ ಸಾಕು ಅಂದುಕೊಂಡಿದ್ದರು. ದಿನಕ್ಕೊಮ್ಮೆಯಾದರೂ ಹಾಗೆ ಅಂದುಕೊಳ್ಳುವುದು ಅವರ ರೂಢಿ.

“ಇವರು ಯಾರು?” ಎಂದ ಮ್ಯಾನೇಜರ್. ಕತ್ತಿಗೆ ಟೈ, ತುಟಿಗೆ ನಗು, ಎರಡನ್ನೂ ಬೆಳಿಗ್ಗೆಯೇ ಬಿಗಿದುಕೊಂಡು ಬಂದಿದ್ದ.

“ನನ್ನ ಕಡೆಯವರು,” ಎಂದರು ಟೈಲರಮ್ಮ. ಅವರಿಗೆ ಹೋದ ಜೀವ ಬಂದಂತಾಯಿತು.

“ಪತ್ತೇದಾರರಂತೆ!” ಪಕ್ಕದ ಕುರ್ಚಿಯಲ್ಲಿದ್ದ ಮೈದುನ ಮೂತಿ ತಿರುವಿದ. “ಪಾಯಿಂಟ್ ಎಣಿಸೋಕೆ ಪತ್ತೇದಾರರನ್ನ ಇಟ್ಕೊಂಡಿರೋರು ಪ್ರಪಂಚದಲ್ಲಿ ನಮ್ಮತ್ತಿಗೆ ಒಬ್ರೇ ಇರಬೇಕು.”

ಸಾಹೇಬರು ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕುರ್ಚಿ ಎಳೆದುಕೊಂಡು, ಎರಡೂ ಕೈಯಿಂದ ಮಂಡಿ ಒತ್ತಿಕೊಳ್ಳುತ್ತಾ ಕೂತರು. ಮೂವತ್ತೊಂದು ವರ್ಷ ವಿಮಾ ಕಂಪನಿಯಲ್ಲಿ ಸತ್ತವರ ಕ್ಲೇಮು ಪರಿಶೀಲಿಸಿದ ಮನುಷ್ಯ. ಪೆನ್ಸಿಲಿನಲ್ಲೇ ಬರೆಯುವುದು, ಅನುಮಾನ ಬಂದರೆ ರಬ್ಬರಿನಿಂದ ಅಳಿಸಿ ಮತ್ತೆ ಬರೆಯುವುದು. ಅಲ್ಲಿ ಅಂಟಿದ ಅಡ್ಡಹೆಸರು ನಿವೃತ್ತಿಯ ದಿನ ಹಾರದ ಜೊತೆ ಮನೆಗೂ ಬಂತು. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ.

ಮೂರು ವಾರದ ಹಿಂದೆ ಟೈಲರಮ್ಮ ಅವರ ಮುಂದೆ ಕೂತು ಕೇಳಿದ್ದು ಒಂದೇ ಪ್ರಶ್ನೆ: ಗಂಡ ಬಿಟ್ಟುಹೋದ ಈ ಪಾಯಿಂಟು ಆಸ್ತಿಯೋ, ಕುಣಿಕೆಯೋ?

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಹನ್ನೆರಡು ವರ್ಷದ ಹಿಂದೆ ಈ ಕ್ಲಬ್ಬಿಗೆ ಸೇರಿದ್ದರು. ವರ್ಷಕ್ಕಿಷ್ಟು ಪಾಯಿಂಟ್ ಕೊಡುತ್ತಾರೆ, ಆ ಪಾಯಿಂಟ್ ಕೊಟ್ಟು ಕ್ಲಬ್ಬಿನ ರೆಸಾರ್ಟಿನಲ್ಲಿ ಉಳಿದುಕೊಳ್ಳಬಹುದು. ಒಟ್ಟು ಮೂವತ್ಮೂರು ವರ್ಷದ ಒಪ್ಪಂದ. ನಡುವೆ ಸದಸ್ಯ ಸತ್ತರೆ ಅದು ವಾರಸುದಾರರ ತಲೆಗೆ. ಮೆಕ್ಯಾನಿಕ್ ತೀರಿಕೊಂಡು ನಾಳೆಗೆ ವರ್ಷ ತುಂಬುತ್ತದೆ. ಇವತ್ತು ಸಂಜೆ ಐದರೊಳಗೆ ಟೈಲರಮ್ಮ ಏನಾದರೊಂದು ಬರೆದುಕೊಡಬೇಕು. ಸುಮ್ಮನಿದ್ದರೆ ಒಪ್ಪಿಕೊಂಡಂತೆ ಎಂದು ಒಪ್ಪಂದದ ಹಿಂಭಾಗದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚು ಮಾಡಿದ್ದರು. ಗೋಡೆ ಗಡಿಯಾರದಲ್ಲಿ ಈಗ ಮೂರೂಮುಕ್ಕಾಲು.

“ನನ್ನದು ಬಿಡಿ ಅಣ್ಣಾ, ನಾನು ಹೇಗೋ ಹೊಲಿದು ತೀರಿಸ್ತೀನಿ. ನನ್ನ ನಂತರ ಇದು ಮಗಳ ಕುತ್ತಿಗೆಗೆ ಬರಬಾರದು,” ಎಂದಿದ್ದರು ಟೈಲರಮ್ಮ ಆವತ್ತು. ಒಬ್ಬಳೇ ಮಗಳು. ಬಸ್ಸಿನಲ್ಲಿ ಆರು ಗಂಟೆ ದೂರದ ಊರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ.

ಸಾಹೇಬರು ಚೀಲದಿಂದ ಟೈಪು ಮಾಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟರು. “ನಿರಾಕರಣೆ ಪತ್ರ. ಎರಡು ಪ್ರತಿ ಇದೆ. ವಾರಸುದಾರರು ಬೇಡ ಅನ್ನಬಹುದು ಅಂತ ನಿಮ್ಮ ಒಪ್ಪಂದದಲ್ಲೇ ಇದೆಯಲ್ಲ? ಒಂದಕ್ಕೆ ಸೀಲು ಹಾಕಿ ವಾಪಸ್ ಕೊಡಿ.”

ಮ್ಯಾನೇಜರನ ನಗು ಸ್ವಲ್ಪ ಸಡಿಲವಾಯಿತು. “ಇದೆ ಸಾರ್.”

“ಇವರಿಗ್ಯಾಕೆ ಹೇಳಲಿಲ್ಲ?”

“ಯಾರೂ ಕೇಳಲ್ಲ ಸಾರ್.”

ಮೈದುನ ಎದ್ದೇ ನಿಂತ. “ಅತ್ತಿಗೆ, ತಲೆ ಕೆಟ್ಟಿದೆಯಾ ನಿಮಗೆ? ಹನ್ನೆರಡು ಸಾವಿರ ಪಾಯಿಂಟ್ ಹಾಗೇ ಇದೆ ಅಣ್ಣನ ಖಾತೇಲಿ. ಅವನು ಗ್ರೀಸು ಒರೆಸ್ಕೊಂಡು ದುಡಿದು ಕಟ್ಟಿದ್ದು. ಅದನ್ನ ಚರಂಡಿಗೆ ಚೆಲ್ತೀರಾ?”

ಟೈಲರಮ್ಮನ ಕೈ ಎರಡು ಕಾಗದಗಳ ನಡುವೆ ನಿಂತುಬಿಟ್ಟಿತು. ಆ ಮಾತು ಅವರಿಗೆ ನಾಟಿತ್ತು. ನಾಟುತ್ತದೆ ಎಂದು ಗೊತ್ತಿದ್ದೇ ಅವನು ಹೇಳಿದ್ದ.

“ಕೂತ್ಕೊಳ್ಳಪ್ಪಾ,” ಎಂದರು ಸಾಹೇಬರು. ಬೈಯಲಿಕ್ಕೂ ಅವರಲ್ಲಿ ಶಕ್ತಿಯಿರಲಿಲ್ಲ. ಮೇಜಿನ ಮೇಲಿದ್ದ ಈಜುಕೊಳದ ಚಿತ್ರದ ಹೊಳೆಯುವ ಪುಸ್ತಿಕೆಯನ್ನು ಬೋರಲು ಹಾಕಿ, ಖಾಲಿ ಬೆನ್ನ ಮೇಲೆ ಪೆನ್ಸಿಲ್ ಇಟ್ಟರು. “ಎಷ್ಟು ಚೆಲ್ತೀವಿ ಅಂತ ನೋಡೇಬಿಡೋಣ. ಕೊಂಡಿದ್ದು ನಾಲ್ಕು ಲಕ್ಷ ಎಂಬತ್ತು ಸಾವಿರಕ್ಕೆ. ಸರೀನಾ?”

“ಸರಿ,” ಎಂದ ಮ್ಯಾನೇಜರ್.

“ಅದರ ಮೇಲೆ ವರ್ಷಾ ವರ್ಷಾ ಮೇಂಟೆನೆನ್ಸು. ಮೊದಲ ವರ್ಷ ಹನ್ನೆರಡು ಸಾವಿರ, ಈ ವರ್ಷ ಮೂವತ್ಮೂರು ಸಾವಿರ. ರಸೀದಿ ಎಲ್ಲಾ ಕೂಡಿಸಿದೀನಿ, ಎರಡೂವರೆ ಲಕ್ಷ. ಒಟ್ಟು ಏಳು ಲಕ್ಷ ಮೂವತ್ತು ಸಾವಿರ. ಹನ್ನೆರಡು ವರ್ಷದಲ್ಲಿ ಎಷ್ಟು ಸಲ ಹೋಗಿದ್ರಿ ಅಮ್ಮಾ?”

“ಮೂರು ಸಲ. ಒಂದೊಂದು ಸಲ ನಾಲ್ಕು ದಿನ. ಇವರಿಗೆ ರಜೆ ಸಿಕ್ಕಿದಾಗ ಅಲ್ಲಿ ರೂಮು ಇರ್ತಿರಲಿಲ್ಲ, ರೂಮು ಇದ್ದಾಗ ಇವರಿಗೆ ರಜೆ ಇರ್ತಿರಲಿಲ್ಲ. ಮೂರನೇ ಸಲ ನಲ್ಲೀಲಿ ನೀರೇ ಬರಲಿಲ್ಲ.”

“ಹನ್ನೆರಡು ರಾತ್ರಿ. ಅಂದ್ರೆ ಒಂದು ರಾತ್ರಿಗೆ ಅರವತ್ತು ಸಾವಿರದ ಮೇಲೆ. ನೀರಿಲ್ಲದ ರಾತ್ರಿಗೂ ಅದೇ ರೇಟು.”

ಮ್ಯಾನೇಜರ್ ಕೆಮ್ಮಿದ. ಸಾವಿರ ಜನಕ್ಕೆ ಹೇಳಿ ಸವೆದ ಮಾತು ಅವನ ಬಾಯಲ್ಲಿ ಸಿದ್ಧವಾಗಿತ್ತು. “ಅದು ಹೋದ ದುಡ್ಡು ಸಾರ್. ಹೋದದ್ದನ್ನ ಹಿಡ್ಕೊಂಡು ಯಾಕೆ ಅಳಬೇಕು? ಇನ್ಮೇಲೆ ಅಮ್ಮನಿಗೆ ಕೊಳ್ಳೋ ಖರ್ಚೇ ಇಲ್ಲ. ಬರೀ ಮೇಂಟೆನೆನ್ಸು. ವರ್ಷಕ್ಕೆ ಆರು ಸಾವಿರ ಪಾಯಿಂಟು ಪುಕ್ಕಟೆ ಬಂದಹಾಗೆ.”

“ಒಪ್ಪಿದೆ. ನ್ಯಾಯವಾದ ಮಾತು.”

ಸಾಹೇಬರು ಜೇಬಿನಿಂದ ರಬ್ಬರು ತೆಗೆದು ಏಳು ಲಕ್ಷ ಮೂವತ್ತು ಸಾವಿರವನ್ನು ಅಳಿಸಿ, ಪುಡಿಯನ್ನು ಅಂಗೈಯಿಂದ ಗುಡಿಸಿದರು. ಹನ್ನೆರಡು ವರ್ಷದ ದುಡಿಮೆ ಅಷ್ಟು ಸಲೀಸಾಗಿ ಅಳಿಸಿಹೋದದ್ದನ್ನು ಟೈಲರಮ್ಮ ನೋಡುತ್ತಾ ಕೂತರು.

“ಬರೀ ಮೇಂಟೆನೆನ್ಸೇ ತಗೊಳ್ಳೋಣ. ಮೂವತ್ಮೂರು ಸಾವಿರಕ್ಕೆ ಆರು ಸಾವಿರ ಪಾಯಿಂಟು. ಒಂದು ಪಾಯಿಂಟಿಗೆ ಐದೂವರೆ ಬಿತ್ತು. ಈಗ ಆ ಪಾಯಿಂಟು ಏನು ಕೊಳ್ಳುತ್ತೆ? ಸೀಸನ್ ಇಲ್ಲದಾಗ ಒಂದು ರಾತ್ರಿಗೆ ಏಳ್ನೂರ ಐವತ್ತು ಪಾಯಿಂಟ್ ಅಂತ ನಿಮ್ಮ ಚಾರ್ಟಲ್ಲಿದೆ. ನಿನ್ನೆ ನಾನು ನಿಮ್ಮ ರೆಸಾರ್ಟಿಗೇ ಫೋನ್ ಮಾಡಿದೆ. ಸದಸ್ಯ ಅಲ್ಲ, ದಾರಿಹೋಕ, ಒಂದು ರಾತ್ರಿಗೆ ರೂಮು ಬೇಕು ಅಂದೆ. ಎಷ್ಟು ಅಂದ್ರು ಗೊತ್ತಾ?”

ಮ್ಯಾನೇಜರ್ ಟೈ ಗಂಟು ಸಡಿಲಿಸಿಕೊಂಡ.

“ಮೂರು ಸಾವಿರ. ಬೆಳಗಿನ ತಿಂಡಿ ಬೇರೆ ಸೇರಿ. ಅಂದ್ರೆ ಪಾಯಿಂಟಿಗೆ ನಾಲ್ಕು.”

“ಸೀಸನ್‌ನಲ್ಲಿ ರೂಮು ಆರು ಸಾವಿರ ಆಗುತ್ತೆ!” ಎಂದ ಮೈದುನ.

“ಆಗ ಪಾಯಿಂಟೂ ಸಾವಿರದ ಐನೂರು ಆಗುತ್ತೆ ಕಣಪ್ಪಾ. ಅದೂ ನಾಲ್ಕೇ. ಐದೂವರೆ ಕೊಟ್ಟು ನಾಲ್ಕರ ಮಾಲು ತಗೊಳ್ಳೋದು. ಒಂದು ಪಾಯಿಂಟೂ ಬಿಡದೆ ಉಳಿದುಬಂದ್ರೂ ಮೂವತ್ಮೂರು ಸಾವಿರ ಕೊಟ್ಟು ಇಪ್ಪತ್ನಾಲ್ಕು ಸಾವಿರದ ರೂಮಲ್ಲಿ ಮಲಗಿದಹಾಗೆ. ಹೋಗದಿದ್ರೆ ಪೂರ್ತಿ ಮೂವತ್ಮೂರೂ ಹೋಯ್ತು. ಇನ್ನು ಇಪ್ಪತ್ತೊಂದು ವರ್ಷ ಇದೆ. ಇಲ್ಲೀತನಕ ಏರಿದ ಹಾಗೇ ಮೇಂಟೆನೆನ್ಸು ಏರ್ತಾ ಹೋದ್ರೆ…” ಎಂದು ಸಾಹೇಬರು ಕೆಳಗೊಂದು ಗೆರೆ ಎಳೆದು, ಅದರಡಿ ಬರೆದು, ಕಾಗದವನ್ನು ಟೈಲರಮ್ಮನ ಕಡೆ ತಿರುಗಿಸಿದರು. “ಇಪ್ಪತ್ತೆರಡು ಲಕ್ಷ.”

“ಅಯ್ಯೋ,” ಎಂದರು ಟೈಲರಮ್ಮ. “ಅಂಗಡಿ, ಮಿಷನ್ನು, ಮನೆ ಎಲ್ಲಾ ಮಾರಿದ್ರೂ ಅಷ್ಟು ಬರಲ್ಲ ಅಣ್ಣಾ.”

“ಇವತ್ತು ಒಪ್ಕೊಂಡ್ರೆ ಆಮೇಲೆ ನೀವೂ ಬೇಡ ಅನ್ನೋ ಹಾಗಿಲ್ಲ, ಮಗಳೂ ಅನ್ನೋ ಹಾಗಿಲ್ಲ,” ಎಂದರು ಸಾಹೇಬರು. “ಕೊಡದಿದ್ರೆ ಅಂಗಡಿ ಮೇಲೆ ನೋಟಿಸು ಬರುತ್ತೆ. ಆಮೇಲೆ ಮಗಳ ಸಂಬಳದ ಮೇಲೆ.”

ಏಸಿ ಗುಂಯ್‌ಗುಟ್ಟುತ್ತಾ ಎಲ್ಲರ ಬೆನ್ನಿಗೂ ತಣ್ಣಗೆ ಊದುತ್ತಿತ್ತು. ಮೈದುನನ ಮುಖದಲ್ಲಿ ರಕ್ತವೇ ಇರಲಿಲ್ಲ. “ಹಾಗಾದ್ರೆ ನನ್ನದೂ ಇಷ್ಟೇನಾ ಸಾರ್?” ಎಂದು ಕೇಳಿದ. ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು.

“ನಿಮ್ಮದೂ ಇದೆಯಾ?”

“ಅಣ್ಣನ್ನ ಸೇರಿಸಿದ್ದೇ ನಾನು. ಜೋಡಿಯಾಗಿ ಸೇರಿದ್ರೆ ಒಂದು ಸೂಟ್‌ಕೇಸ್ ಕೊಡ್ತೀವಿ ಅಂದಿದ್ರು. ಅತ್ತಿಗೆ ಇವತ್ತು ಒಪ್ಕೊಂಡ್ರೆ ನನಗೆ ಎರಡು ಸಾವಿರ ಬೋನಸ್ ಪಾಯಿಂಟು ಅಂತಾನೂ…”

ಟೈಲರಮ್ಮ ಅವನ ಕಡೆ ನೋಡಿದರು. ಬೈಯಲಿಲ್ಲ. “ನೀನಾ?” ಎಂದಷ್ಟೇ ಕೇಳಿ, ನಿರಾಕರಣೆ ಪತ್ರವನ್ನು ತಮ್ಮ ಕಡೆಗೆಳೆದುಕೊಂಡು ಎರಡೂ ಪ್ರತಿಗೆ ಸಹಿ ಹಾಕಿದರು. ಅಳತೆ ಹಿಡಿದು ಬಟ್ಟೆ ಕತ್ತರಿಸುವವರ ಸಹಿ, ನೆಟ್ಟಗಿತ್ತು.

ಇಲ್ಲಿಗೆ ಮುಗಿದಿದ್ದರೆ ರಬ್ಬರ್ ಸಾಹೇಬರು ಮನೆಗೆ ಹೋಗಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಬಹುದಿತ್ತು. ಆದರೆ ಆ ಮನುಷ್ಯನ ಹಣೆಬರಹ ಅಂಥದ್ದಲ್ಲ. ಒಂದು ಪ್ರಶ್ನೆ ಕೇಳದೆ ಯಾವ ಕಚೇರಿಯಿಂದಲೂ ಎದ್ದು ಬಂದವರೇ ಅಲ್ಲ ಅವರು.

“ಖಾತೇಲಿ ಹನ್ನೆರಡು ಸಾವಿರ ಇದೆ ಅಂತೀರಲ್ಲ. ಮುಚ್ಚೋಕೆ ಮುಂಚೆ ಅದರದ್ದೊಂದು ಸ್ಟೇಟ್‌ಮೆಂಟ್ ಕೊಡಿ. ನಾಳೆ ನೀವು ಇನ್ನೇನೋ ಬಾಕಿ ತೋರಿಸಬಾರದು ನೋಡಿ.”

ಮ್ಯಾನೇಜರ್ ನಿಟ್ಟುಸಿರು ಬಿಟ್ಟು ಕಂಪ್ಯೂಟರ್ ಕಡೆ ತಿರುಗಿದ. ಪ್ರಿಂಟರು ಕರಕರ ಎಂದಿತು. ಕಾಗದ ಎತ್ತಿಕೊಂಡವನು ಕೊಡದೆ ನಿಂತ. ಮತ್ತೊಮ್ಮೆ ಓದಿದ. ಅವನ ಹುಬ್ಬು ಗಂಟಿಕ್ಕಿದ್ದು ನಾಟಕದ್ದಲ್ಲವೆಂದು ಸಾಹೇಬರಿಗೆ ತಿಳಿಯಿತು. ಸುಳ್ಳು ಕ್ಲೇಮು ತಂದವರ ಹುಬ್ಬನ್ನು ಅವರು ಬೇಕಾದಷ್ಟು ನೋಡಿದ್ದರು.

“ಇದರಲ್ಲಿ ಏನೂ ಇಲ್ಲ ಸಾರ್,” ಎಂದ.

“ಏನೂ ಇಲ್ಲ ಅಂದ್ರೆ?”

“ಸೊನ್ನೆಗಿಂತ ಕೆಳಗಿದೆ. ಎರಡು ವರ್ಷದ್ದು ಮಾತ್ರ ಕೂಡಿಡಬಹುದು, ಆ ಹನ್ನೆರಡು ಸಾವಿರ, ಜೊತೆಗೆ ಮುಂದಿನ ಎರಡು ವರ್ಷದ ಹನ್ನೆರಡು ಸಾವಿರ ಮುಂಗಡವಾಗಿ ಎತ್ತಿದಾರೆ. ಒಟ್ಟು ಇಪ್ಪತ್ನಾಲ್ಕು ಸಾವಿರ. ಒಬ್ಬ ಪಾಯಿಂಟ್ ವ್ಯಾಪಾರಿಗೆ ಒಂದೇ ಸಲಕ್ಕೆ ವರ್ಗಾವಣೆ ಆಗಿದೆ.”

“ಪಾಯಿಂಟಿಗೂ ವ್ಯಾಪಾರಿ ಇದಾರಾ?”

“ಇದಾರೆ ಸಾರ್. ದುಡ್ಡಿನ ತುರ್ತಿರೋ ಸದಸ್ಯರ ಹತ್ರ ಕೊಂಡು ಬೇರೆಯವರಿಗೆ ರೂಮು ಮಾಡಿಕೊಡ್ತಾರೆ. ಪಾಯಿಂಟಿಗೆ ಎರಡು ಕೊಡ್ತಾರೆ. ನಗದು. ಅದೇ ದಿನ.”

ಸಾಹೇಬರು ಪೆನ್ಸಿಲ್ ಎತ್ತಿದರು. ಐದೂವರೆಯ ಕೆಳಗೆ ನಾಲ್ಕು, ನಾಲ್ಕರ ಕೆಳಗೆ ಎರಡು. ಕೈಗೆ ದುಡ್ಡು ಬೇಕೆಂದರೆ ಪಾಯಿಂಟಿನ ಬೆಲೆ ಎರಡು. ಯಾರೋ ನಲವತ್ತೆಂಟು ಸಾವಿರಕ್ಕೆ ಇದನ್ನೆಲ್ಲ ಗುಡಿಸಿಹಾಕಿದ್ದರು.

“ಯಾವತ್ತು?”

ಮ್ಯಾನೇಜರ್ ತಾರೀಕು ಓದಿದ. ಬೆಳಿಗ್ಗೆ ಹತ್ತು ನಲವತ್ತು.

ಟೈಲರಮ್ಮನ ಕೈಯಲ್ಲಿದ್ದ ಕಾಗದದ ಲೋಟ ಮೇಜಿನ ಮೇಲೆ ಬಿದ್ದು ಟೀ ಹರಿಯಿತು. ಅದು ಅವರ ಗಂಡ ಸತ್ತ ದಿನ.

ಆ ದಿನದ ಲೆಕ್ಕ ಸಾಹೇಬರ ತಲೆಯಲ್ಲಿ ನಿಮಿಷ ನಿಮಿಷಕ್ಕೂ ಇತ್ತು. ಹಳೇ ಚಾಳಿ, ಯಾರು ಸತ್ತರೂ ಆ ದಿನ ಮನೆಯವರೆಲ್ಲ ಎಲ್ಲಿದ್ದರು ಎಂದು ಗುಟ್ಟಾಗಿ ವಿಚಾರಿಸುವುದು. ಟೈಲರಮ್ಮ ಎಂಟಕ್ಕೆ ಅಂಗಡಿಗೆ ಹೋಗಿದ್ದರು. ಅರವತ್ತು ಶಾಲಾ ಯೂನಿಫಾರಮ್ಮು ಅವತ್ತೇ ಕೊಡಬೇಕಿತ್ತು. ಶಾಲೆಯ ಗುಮಾಸ್ತ ಒಂಬತ್ತೂವರೆಯಿಂದ ಒಂದು ಗಂಟೆಯವರೆಗೆ ಅವರೆದುರೇ ಸ್ಟೂಲು ಹಾಕಿಕೊಂಡು ಕೂತಿದ್ದ. ಎರಡಕ್ಕೆ ಮನೆಗೆ ಬಂದು ನೋಡಿದರೆ ಗಂಡ ಮಂಚದ ಮೇಲೆ ತಣ್ಣಗಾಗಿದ್ದರು. ಹೃದಯ ನಿಂತಿದೆ, ಬೆಳಿಗ್ಗೆಯೇ ಯಾವಾಗಲೋ ಹೋಗಿದೆ ಎಂದರು ಡಾಕ್ಟರು. ಮೈದುನ ತನ್ನ ಜೆರಾಕ್ಸ್ ಅಂಗಡಿಯಿಂದ ಓಡಿಬಂದ. ಮಗಳು ಸುದ್ದಿ ತಿಳಿದು ಬಸ್ಸು ಹತ್ತಿ, ರಾತ್ರಿ ಎಂಟು ಗಂಟೆಗೆ ಬಂದಿಳಿದಳು.

ಸಾಹೇಬರು ಮೈದುನನ ಕಡೆ ತಿರುಗಿದರು.

“ನೋಡ್ಬೇಡಿ ನನ್ನ ಹಾಗೆ!” ಎಂದು ಅವನು ಚೀರಿದ. “ನಾನಲ್ಲ. ಸೂಟ್‌ಕೇಸಿಗೆ ಆಸೆಪಟ್ಟೆ ನಿಜ, ಬೋನಸ್ಸಿಗೆ ಬಾಯಿಬಿಟ್ಟೆ ಅದೂ ನಿಜ. ಅಣ್ಣನ ಹೆಣದ ಮೇಲೆ ವ್ಯಾಪಾರ ಮಾಡೋನಲ್ಲ ನಾನು.”

“ಪಾಯಿಂಟ್ ವ್ಯವಹಾರ ಗೊತ್ತಿದ್ದೋರು ಮನೇಲಿ ನೀವೊಬ್ರೇ.”

“ಸಾರ್, ಐದೂವರೆ ಯಾವುದು ನಾಲ್ಕು ಯಾವುದು ಅಂತ ನನಗೆ ಈಗ ಗೊತ್ತಾಗ್ತಿರೋದು! ಹನ್ನೆರಡು ವರ್ಷ ಕಟ್ಟಿದೀನಿ, ಒಂದೇ ಸಲ ಹೋಗಿರೋದು, ನಾಲ್ಕೂ ದಿನ ಹೊಟ್ಟೆನೋವು. ನನ್ನನ್ನ ನೋಡಿದ್ರೆ ವ್ಯವಹಾರಸ್ಥ ಅನ್ಸುತ್ತಾ?”

ಅನ್ನಿಸುತ್ತಿರಲಿಲ್ಲ. ಅದೇ ತೊಡಕಾಗಿತ್ತು. ಟೈಲರಮ್ಮನನ್ನು ಸಹಿಗೆ ದೂಡುತ್ತಿದ್ದವನು ಇವನೇ ಎಂದು ಮೂರು ವಾರದಿಂದ ಸಾಹೇಬರು ಅನುಮಾನವನ್ನೆಲ್ಲ ಇವನ ತಲೆಗೇ ಕಟ್ಟಿದ್ದರು. ಈಗ ಅವನ ಕಣ್ಣಲ್ಲಿ ನೀರು ತುಂಬಿದ್ದು ನೋಡಿ ಅದನ್ನೂ ಅಳಿಸಬೇಕಾಯಿತಲ್ಲ ಎಂದು ಬೇಸರವಾಯಿತು.

“ವರ್ಗಾವಣೆ ಯಾರು ಬೇಕಾದ್ರೂ ಮಾಡೋಕಾಗಲ್ಲ ಸಾರ್,” ಎಂದ ಮ್ಯಾನೇಜರ್, ಟೀ ಒರೆಸುತ್ತಾ. “ಇವರ ಯಜಮಾನರು ಮೊಬೈಲಿಗೆ ಬರೋ ಮೆಸೇಜು ಕಣ್ಣಿಗೆ ಕಾಣಲ್ಲ, ಮನೆ ಫೋನಿಗೇ ಕರೆ ಮಾಡಿ ಕೇಳಿ ಅಂತ ಬರೆದುಕೊಟ್ಟಿದ್ರು. ಅರ್ಜಿ ಬಂದ ಮೇಲೆ ನಾವೇ ಮನೆಗೆ ಫೋನ್ ಮಾಡ್ತೀವಿ. ಸದಸ್ಯರು, ಇಲ್ಲಾ ಅವರ ನಾಮಿನಿ, ಗುಪ್ತ ಪದ ಹೇಳಿ ಒಪ್ಪಿದ್ರೆ ಮಾತ್ರ ಆಗುತ್ತೆ. ಅದೆಲ್ಲಾ ರೆಕಾರ್ಡ್ ಆಗಿರುತ್ತೆ.”

“ಮನೆ ಫೋನು ಅಂದ್ರೆ, ಗೋಡೆಗೆ ತಂತಿ ಇರೋದು?”

“ಹೌದು ಸಾರ್.”

ಆ ಫೋನನ್ನು ಸಾಹೇಬರು ನೋಡಿದ್ದರು. ಮೆಕ್ಯಾನಿಕ್ ಮಲಗುತ್ತಿದ್ದ ಕೋಣೆಯಲ್ಲಿ, ಮಂಚದ ತಲೆದೆಸೆಯ ಸ್ಟೂಲಿನ ಮೇಲಿತ್ತು. ಹತ್ತು ನಲವತ್ತಕ್ಕೆ ಅದನ್ನು ಎತ್ತಿದವರು ಹೆಣದಿಂದ ಒಂದು ಮೊಳ ದೂರದಲ್ಲಿ ನಿಂತಿದ್ದರು.

“ಹಾಕಿ,” ಎಂದರು.

ಮ್ಯಾನೇಜರ್ ಕಂಪ್ಯೂಟರಿನ ದನಿ ಹೆಚ್ಚಿಸಿದ. ಮೊದಲು ರಿಂಗಾಯಿತು. ಏಳು ಸಲ. ಆಮೇಲೆ ಎತ್ತಿದ ಸದ್ದು.

“ನಮಸ್ಕಾರ, ರಜಾ ಕ್ಲಬ್ಬಿಂದ. ಸದಸ್ಯರ ಹತ್ರ ಮಾತಾಡಬಹುದಾ?” ಕ್ಲಬ್ಬಿನ ಹುಡುಗಿ ಕೇಳಿದಳು.

“ಅವರು ಮಲಗಿದಾರೆ.” ಹೆಣ್ಣು ದನಿ. ತೀರಾ ಮೆಲ್ಲಗೆ.

“ಸ್ವಲ್ಪ ಎಬ್ಬಿಸ್ತೀರಾ? ವರ್ಗಾವಣೆಗೆ ಅವರೇ ಒಪ್ಪಿಗೆ ಹೇಳಬೇಕು.”

ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ, “ಎಬ್ಬಿಸಕ್ಕಾಗಲ್ಲ.”

“ನೀವ್ಯಾರು ಮೇಡಂ?”

“ನಾನು… ಅವರ ಹೆಂಡತಿ. ನಾಮಿನಿ. ನಾನೇ ಒಪ್ಪಿಗೆ ಕೊಡ್ತೀನಿ.”

“ಗುಪ್ತ ಪದ ಹೇಳಿ.”

“ಗೇರ್‌ಬಾಕ್ಸು.”

“ಧನ್ಯವಾದ ಮೇಡಂ. ಯಜಮಾನರಿಗೆ ಹುಷಾರಿಲ್ವಾ?”

ಫೋನು ಇಟ್ಟ ಸದ್ದು ಬಂತು. ಮೈದುನ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಿದ್ದ.

ಮ್ಯಾನೇಜರ್ ನಿಧಾನವಾಗಿ ಟೈಲರಮ್ಮನ ಕಡೆ ನೋಡಿದ. “ಹೆಂಡತಿ ಅಂದ್ರೆ ನೀವೇ ಅಲ್ವಾ ಅಮ್ಮಾ?”

ಸಾಹೇಬರು ಬಾಯಿ ತೆರೆದರು. ಮೂರು ವಾರದಿಂದ ಈ ಹೆಂಗಸಿನ ದನಿ ಕೇಳಿದ್ದರು. ನೂಲು ಕಚ್ಚಿ ಕಚ್ಚಿ ಒರಟಾದಂಥ ದನಿ. ರೆಕಾರ್ಡಿನದು ಎಳೆಯ ದನಿ. ಕುರುಡನಿಗೂ ಗೊತ್ತಾಗುವಂತಿತ್ತು.

“ಹೌದು,” ಎಂದರು ಟೈಲರಮ್ಮ. “ನಂದೇ ದನಿ.”

“ಅಮ್ಮಾ!”

“ನಂದೇ ಅಣ್ಣಾ. ಮರೆತೇಹೋಗಿತ್ತು.”

ಗಂಡ ಸತ್ತ ದಿನ ನಲವತ್ತೆಂಟು ಸಾವಿರ ಎಣಿಸಿಕೊಂಡದ್ದನ್ನು ಯಾರಾದರೂ ಮರೆಯುತ್ತಾರೆಯೇ? ಮ್ಯಾನೇಜರ್ ಕೂಡ ನಂಬಿದಂತೆ ಕಾಣಲಿಲ್ಲ. ಆದರೆ ಅವನಿಗೆ ಬೇಕಿದ್ದದ್ದು ನಂಬಿಕೆಯಲ್ಲ, ಕಾಗದ.

“ನೋಡಿ ಅಮ್ಮಾ, ನಾನೂ ಸಂಬಳದವನು, ನೇರವಾಗಿ ಹೇಳ್ತೀನಿ,” ಎಂದ. ಮೊದಲ ಬಾರಿಗೆ ಅವನ ಮುಖದಲ್ಲಿ ನಗುವಿರಲಿಲ್ಲ. “ನೀವು ನಿರಾಕರಿಸಿದ್ರೆ ಖಾತೆ ಮುಚ್ಚೋಕೆ ಮುಂಚೆ ತನಿಖೆ ಆಗುತ್ತೆ. ಸದಸ್ಯ ತೀರಿಕೊಂಡ ದಿನ, ಬಹುಶಃ ತೀರಿಕೊಂಡ ಮೇಲೆ ಆದ ವರ್ಗಾವಣೆ. ಈ ರೆಕಾರ್ಡು ನೇರವಾಗಿ ಪೊಲೀಸರಿಗೆ ಹೋಗುತ್ತೆ. ನೀವು ಒಪ್ಪಿಕೊಂಡ್ರೆ ಹಿಂದಿನ ವ್ಯವಹಾರಕ್ಕೆಲ್ಲಾ ನೀವೇ ಒಪ್ಪಿದಹಾಗೆ. ಕೇಳೋರು ಯಾರೂ ಇರಲ್ಲ. ಫೈಲು ಇಲ್ಲಿಗೇ ಮುಗಿಯುತ್ತೆ.”

ಟೈಲರಮ್ಮ ಸಹಿ ಹಾಕಿದ್ದ ಎರಡೂ ನಿರಾಕರಣೆ ಪತ್ರಗಳನ್ನು ಎತ್ತಿಕೊಂಡು ಒಂದರ ಮೇಲೊಂದು ಜೋಡಿಸಿ ಹರಿದರು. ಬಟ್ಟೆ ಹರಿಯುವವರ ಹಾಗೆ, ಮಡಿಕೆ ಹಿಡಿದು, ಒಂದೇ ಎಳೆತಕ್ಕೆ.

“ಇಪ್ಪತ್ತೆರಡು ಲಕ್ಷ ಅಮ್ಮಾ,” ಎಂದರು ಸಾಹೇಬರು. ಮಾತು ಅಂಗಲಾಚಿದಂತೆ ಹೊರಟಿತು. “ಮಗಳ ಕುತ್ತಿಗೆಗೆ ಬರಬಾರದು ಅಂದಿದ್ರಿ.”

“ಅದಕ್ಕೇ ಹಾಕ್ತಿರೋದು.”

ಇಲ್ಲೊಂದು ಸಹಿ, ಇಲ್ಲೊಂದು, ಕೊನೇ ಪುಟದಲ್ಲಿ ಇನ್ನೊಂದು. ಈ ಸಲ ಸಹಿ ನೆಟ್ಟಗಿರಲಿಲ್ಲ. ಮ್ಯಾನೇಜರ್ ಸೀಲು ಒತ್ತಿದಾಗ ಗಂಟೆ ನಾಲ್ಕೂ ಇಪ್ಪತ್ತು.

ಟೈಲರಮ್ಮ ಚೀಲದಿಂದ ಮಡಿಸಿದ ನೋಟುಗಳನ್ನು ತೆಗೆದು ಸಾಹೇಬರ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮುಚ್ಚಿದರು. “ನಿಮ್ಮ ಫೀಸು. ನೀವು ಹೇಳಿದ್ದೆಲ್ಲಾ ಸರಿಯಾಗೇ ಹೇಳಿದ್ರಿ. ಇನ್ನು ಹುಡುಕಬೇಡಿ ಅಣ್ಣಾ. ನಿಮ್ಮ ತಂಗಿ ಕೇಳ್ತಿದಾಳೆ ಅಂದ್ಕೊಳ್ಳಿ.”

ಸಾಹೇಬರು ಆಗಲಿ ಎನ್ನದೆಯೇ ಎದ್ದು ಬಂದರು. ಒಬ್ಬ ತಾಯಿ ಲೆಕ್ಕವೆಲ್ಲ ಗೊತ್ತಿದ್ದೂ ಬೇಕೆಂದೇ ಮುಳುಗಿದ್ದಳು. ಮೂವತ್ತೊಂದು ವರ್ಷದಲ್ಲಿ ಅಂಥ ಕ್ಲೇಮು ಅವರು ಕಂಡಿರಲಿಲ್ಲ. ಇಳಿಯುವಾಗ ಮಂಡಿ ಹತ್ತುವಾಗಿನದಕ್ಕಿಂತ ಹೆಚ್ಚು ನೋಯುತ್ತಿತ್ತು. ಕೈಯಲ್ಲಿದ್ದ ನೋಟುಗಳನ್ನು ಜೇಬಿಗೆ ಹಾಕಿಕೊಳ್ಳಲೂ ಮನಸ್ಸಾಗಲಿಲ್ಲ.

ನಾಲ್ಕನೇ ಮಹಡಿಯ ತಿರುವಿನಲ್ಲಿ ಯಾರೋ ಹಿಂದಿನಿಂದ ಓಡಿಬಂದು ಮೊಣಕೈ ಹಿಡಿದರು. ಮೈದುನ.

“ಸಾರ್, ಅದು ಅತ್ತಿಗೆ ದನಿ ಅಲ್ಲ.”

“ಗೊತ್ತು.”

“ಯಾರದ್ದು ಅಂತ ಗೊತ್ತಾ?”

ಅನುಮಾನ ಸಾಹೇಬರಿಗಿತ್ತು. ಬಾಯಿಬಿಟ್ಟು ಹೇಳಲು ಇಷ್ಟವಿರಲಿಲ್ಲ.

“ನಾನು ಎತ್ತಿ ಆಡಿಸಿದ ಮಗು ಸಾರ್ ಅದು,” ಎಂದ ಮೈದುನ. “ಅವತ್ತು ಹನ್ನೊಂದೂಕಾಲಿಗೆ ನನಗೆ ಅವಳೇ ಮೊಬೈಲಿಂದ ಫೋನ್ ಮಾಡಿದ್ಲು. ‘ಚಿಕ್ಕಪ್ಪಾ, ಅಪ್ಪ ಎಷ್ಟು ಮಾಡಿದ್ರೂ ಫೋನ್ ತೆಗೀತಿಲ್ಲ, ನನಗೆ ಇಲ್ಲಿ ಅಂಗಡೀಲಿ ಕೈಕಾಲು ಆಡ್ತಿಲ್ಲ, ಒಂದ್ಸಲ ಮನೆಗೆ ಹೋಗಿ ನೋಡ್ತೀರಾ’ ಅಂದ್ಲು. ನನ್ನ ಅಂಗಡೀಲಿ ಪರೀಕ್ಷೆ ಅರ್ಜಿಯವರ ರಶ್ಶು. ಮಧ್ಯಾಹ್ನ ಹೋಗ್ತೀನಿ ಬಿಡೇ ಅಂದೆ. ಒಂದು ವರ್ಷದಿಂದ ನಿದ್ದೆ ಇಲ್ಲ ಸಾರ್ ನನಗೆ. ಆಗಲೇ ಹೋಗಿದ್ರೆ ಅಣ್ಣನ್ನ ಉಳಿಸಬಹುದಿತ್ತು, ನಾನೇ ಕೊಂದೆ ಅಂತ ದಿನಾ ಸಾಯ್ತಿದೀನಿ. ಅವಳ ಎದುರು ತಲೆ ಎತ್ತೋಕಾಗ್ತಿಲ್ಲ.”

ಅವನು ಉಸಿರು ಎಳೆದುಕೊಂಡ.

“ಅವಳು ಅಷ್ಟು ಹೊತ್ತಿಗೆ ಆ ಮನೇಲೇ ಇದ್ಲಾ ಸಾರ್?”

ಸಾಹೇಬರು ಗೋಡೆಗೆ ಒರಗಿದರು. ಉತ್ತರ ಹತ್ತು ನಲವತ್ತರಲ್ಲೇ ಇತ್ತು. ಇಲ್ಲದಿದ್ದದ್ದು ಅದಕ್ಕೆ ಮುಂಚಿನ ಹೊತ್ತು: ಅವಳು ಎಷ್ಟು ಗಂಟೆಗೆ ಬಂದಳು, ಅವಳು ಬಂದಾಗ ಅಪ್ಪ ಬದುಕಿದ್ದನೇ.

“ನಾನೂ ಫೀಸ್ ಕೊಡ್ತೀನಿ. ಎಷ್ಟಾದ್ರೂ ಸರಿ. ಅಣ್ಣ ಹೇಗೆ ಸತ್ತ ಅಂತ ನೀವು ಹುಡುಕಿಕೊಡಿ,” ಎಂದು ಮೈದುನ ಅವರ ಎರಡೂ ಕೈ ಹಿಡಿದುಕೊಂಡ. ಒಂದು ಕೈಯಲ್ಲಿ ಟೈಲರಮ್ಮನ ನೋಟುಗಳು ಹಾಗೇ ಇದ್ದವು.

ಮೇಲಿನ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು ನಿಂತಿತು. ಇಬ್ಬರೂ ತಲೆ ಎತ್ತಿದರು. ಟೈಲರಮ್ಮ ಮೆಟ್ಟಿಲ ಕಂಬಿ ಹಿಡಿದು ಬಗ್ಗಿ ನೋಡುತ್ತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಅಣ್ಣಾ,” ಎಂದರು, “ಅವನಿಗೆ ಏನಂತ ಮಾತು ಕೊಟ್ರಿ?”